ಬ್ರೋಷರ್ ಹೇಳಿದ್ದು, ರೇರಾದಲ್ಲಿ ಬರೆದದ್ದು

ಬೆಂಗಳೂರಿನಲ್ಲಿ ಕಟ್ಟುತ್ತಿರುವ ಯಾವುದೇ ದೊಡ್ಡ ಅಪಾರ್ಟ್‌ಮೆಂಟಿನ ಜಾಹೀರಾತು ತೆಗೆದು ನೋಡಿ, ಒಂದು ಮೂಲೆಯಲ್ಲಿ ‘ಪಿಆರ್‌ಎಂ/ಕೆಎ/ರೇರಾ’ ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಇರಬೇಕು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ (ಇದನ್ನೂ ಇದರ ಪ್ರಾಧಿಕಾರವನ್ನೂ ರೇರಾ ಎನ್ನುವುದು ವಾಡಿಕೆ) 11ನೇ ಸೆಕ್ಷನ್ ಪ್ರಕಾರ ಯೋಜನೆಯ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಎರಡನ್ನೂ ಎದ್ದು ಕಾಣುವಂತೆ ಹಾಕದೆ ಬಿಲ್ಡರ್ ಜಾಹೀರಾತು ಕೊಡುವಂತಿಲ್ಲ. ನಾವು ಫ್ಲ್ಯಾಟ್ ಹುಡುಕಲು ಹೊರಟಾಗ ನಮ್ಮ ವಕೀಲರು ಹೇಳಿದ ಮೊದಲ ಮಾತೇ ಇದು: “ಫೋಟೊ ಆಮೇಲೆ ನೋಡಿ ಮೇಡಂ, ಮೊದಲು ನಂಬರ್ ನೋಡಿ.”

ನಾವಿರುವುದು ವಿಜಯನಗರದ ಬಾಡಿಗೆ ಮನೆಯಲ್ಲಿ. ಯಜಮಾನರ ಕೆಲಸ ಮೈಸೂರು ರಸ್ತೆ ಕಡೆಗೆ, ಹಾಗಾಗಿ ಕೆಂಗೇರಿ ಸುತ್ತಮುತ್ತ ನೋಡೋಣ ಎಂದುಕೊಂಡೆವು. ಮಾವ ತಿಪಟೂರಿನಲ್ಲಿದ್ದ ಒಂದು ಸೈಟು ಮಾರಿ ಅದರ ದುಡ್ಡು ನಮ್ಮ ಕೈಗಿಟ್ಟಿದ್ದರು, ಮಿಕ್ಕಿದ್ದಕ್ಕೆ ಬ್ಯಾಂಕ್ ಸಾಲ. ಹಿರಿಯರು ಬೆವರು ಸುರಿಸಿ ಉಳಿಸಿದ ದುಡ್ಡನ್ನು ಯಾರದೋ ಮಾತು ನಂಬಿ ಹಾಕುವುದಿಲ್ಲ ಎಂದು ನಾನು ಮೊದಲೇ ಗಟ್ಟಿಯಾಗಿ ನಿರ್ಧರಿಸಿದ್ದೆ.

ವಾಟ್ಸಾಪಿಗೆ ಬಂದ ಮೊದಲ ಜಾಹೀರಾತಿನಲ್ಲಿ ನಂಬರ್ ಇತ್ತು. ಆದರೆ ಅದರ ನಡುವೆ ‘ಎಜಿ’ ಎಂಬ ಎರಡಕ್ಷರ ಇದ್ದವು. ವಕೀಲರಿಗೆ ಕಳಿಸಿದೆ. ಅದು ಏಜೆಂಟರ ನೋಂದಣಿ, ಯೋಜನೆಯದ್ದಾದರೆ ಆ ಜಾಗದಲ್ಲಿ ‘ಪಿಆರ್’ ಇರುತ್ತದೆ ಎಂದರು. ಏಜೆಂಟರೂ ನೋಂದಾಯಿಸಿಕೊಳ್ಳಬೇಕು, ಸರಿ. ಆದರೆ ಮಾರುವವನ ನಂಬರ್ ಇದ್ದ ಮಾತ್ರಕ್ಕೆ ಮಾರುತ್ತಿರುವ ಕಟ್ಟಡ ನೋಂದಣಿಯಾಗಿದೆ ಎಂದಾಗುವುದಿಲ್ಲ. ಯೋಜನೆಯ ನಂಬರ್ ಕೊಡಿ ಎಂದು ಕೇಳಿದೆ. “ರೇರಾಗೆ ಹಾಕಿದೀವಿ ಮೇಡಂ, ಬರೋದು ಬಾಕಿ. ಇದು ಪ್ರೀ-ಲಾಂಚ್ ರೇಟು. ಈಗ ಒಂದು ಲಕ್ಷ ಕೊಟ್ಟು ಇಒಐ ಮಾಡ್ಬಿಡಿ, ಬೇಡ ಅಂದ್ರೆ ವಾಪಸ್ ಕೊಡ್ತೀವಿ,” ಎಂದು ಉತ್ತರ ಬಂತು. ಇಒಐ ಎಂದರೆ ಕೊಳ್ಳುವ ಆಸಕ್ತಿ ಇದೆ ಎಂದು ಬರೆದುಕೊಡುವುದು.

ಇಲ್ಲಿ ಕಾನೂನು ಖಡಾಖಂಡಿತವಾಗಿದೆ. 500 ಚದರ ಮೀಟರ್ ಮೀರದ ಜಾಗ ಅಥವಾ 8 ಫ್ಲ್ಯಾಟ್ ಮೀರದ ಕಟ್ಟಡಕ್ಕೆ ವಿನಾಯಿತಿ ಇದೆ. ಅದಕ್ಕಿಂತ ದೊಡ್ಡದಾದರೆ ನೋಂದಣಿ ಆಗುವವರೆಗೆ ಜಾಹೀರಾತು, ಬುಕಿಂಗ್, ಮಾರಾಟ ಯಾವುದೂ ಮಾಡುವಂತಿಲ್ಲ, ಕೊಳ್ಳಲು ಬನ್ನಿ ಎಂದು ಕರೆಯುವಂತೆಯೂ ಇಲ್ಲ. ಮೀರಿದರೆ ಯೋಜನೆಯ ಅಂದಾಜು ವೆಚ್ಚದ ಶೇ 10ರವರೆಗೆ ದಂಡ. ಇಒಐ ಎನ್ನಿ, ಟೋಕನ್ ಎನ್ನಿ, ಹೆಸರು ಬದಲಾಯಿಸಿದರೆ ಬುಕಿಂಗ್ ಬುಕಿಂಗ್ ಅಲ್ಲದಂತಾಗುವುದಿಲ್ಲ. ನೋಂದಣಿಯೇ ಇಲ್ಲದ ಹೊತ್ತಿನಲ್ಲಿ ನಾನು ಏನನ್ನು ಪರಿಶೀಲಿಸಲಿ? ನಕ್ಷೆ ಎಲ್ಲೂ ಇಲ್ಲ, ಮುಗಿಸುವ ದಿನಾಂಕ ಎಲ್ಲೂ ಇಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು.

ನಡುವೆ ನಾಗರಬಾವಿಯಲ್ಲಿ ಒಂದು ಹಳೇ ಫ್ಲ್ಯಾಟನ್ನೂ ನೋಡಿದೆವು. ಇದ್ದವರೇ ಮಾರುವ ಇಂಥ ಮನೆಗೆ ರೇರಾ ಬರುವುದಿಲ್ಲ, ಹುಡುಕಿ ನೋಡಲು ಪುಟವೂ ಇರುವುದಿಲ್ಲ. ಆಗ ಆಸರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಗೊತ್ತಾಗದಂಥ ದೋಷ ಆಸ್ತಿಯಲ್ಲಾಗಲಿ ಹಕ್ಕಿನಲ್ಲಾಗಲಿ ಇದ್ದು, ಅದು ಮಾರುವವರಿಗೆ ಗೊತ್ತಿದ್ದರೆ ಅವರು ಹೇಳಲೇಬೇಕು. ಕೇಳಿದರೆ ಪತ್ರಗಳನ್ನು ತೋರಿಸಲೇಬೇಕು. ಆ ಮನೆಯವರು ಸಜ್ಜನರು, ತಾಯಿಪತ್ರ, ತೆರಿಗೆ ರಸೀದಿ, ಇಸಿ (ಋಣಭಾರ ಪ್ರಮಾಣಪತ್ರ) ಎಲ್ಲ ಮೇಜಿನ ಮೇಲೆ ಹರಡಿದರು. ಬ್ಯಾಂಕ್ ಸಾಲ ಇನ್ನೂ ಇದೆ ಎಂದು ಅವರೇ ಹೇಳಿದರು. ಆದರೆ ಕಟ್ಟಡಕ್ಕೆ ಒಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ ಇರಲಿಲ್ಲ. “ಈ ರಸ್ತೇಲಿ ಯಾರ ಹತ್ರಾನೂ ಇಲ್ಲಮ್ಮ” ಎಂದರು. ಇರಬಹುದು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಹೇಳಿದ ಮೇಲೆ ಅಂಥ ಮನೆಗೆ ಕೈ ಹಾಕಲು ನಮಗೆ ಧೈರ್ಯ ಬರಲಿಲ್ಲ.

ಆಮೇಲೆ ಕೆಂಗೇರಿ ಆಚೆ ಒಂದು ಯೋಜನೆ ಸಿಕ್ಕಿತು. ಬೋರ್ಡಿನ ಮೇಲೆ ‘ಪಿಆರ್’ ಇದ್ದ ನಂಬರ್ ಇತ್ತು. ಸೈಟ್ ಆಫೀಸಿನಲ್ಲಿ ದಪ್ಪನೆಯ ಹೊಳೆಯುವ ಕಾಗದದ ಬ್ರೋಷರ್ ಕೊಟ್ಟರು. ಕಟ್ಟಡದ ಹಿಂದೆ ಹುಲ್ಲುಹಾಸು, ಈಜುಕೊಳ, ಮಕ್ಕಳು ಸೈಕಲ್ ಹೊಡೆಯುವ ದಾರಿ. ಕೊನೆಯ ಪುಟದಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ, ಇವೆಲ್ಲ ಕಲಾವಿದರ ಕಲ್ಪನೆ, ಬದಲಾಗಬಹುದು ಎಂದಿತ್ತು. ಮನೆಗೆ ಬಂದು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದೆ.

ಅಲ್ಲಿ ತೆರೆದುಕೊಂಡದ್ದು ದೊಡ್ಡ ಕಡತ. ಮಂಜೂರಾದ ನಕ್ಷೆ, ಜಾಗದ ಕ್ರಯಪತ್ರಗಳು, ಇಸಿ, ಭೂಪರಿವರ್ತನೆ ಆದೇಶ, ಜಮೀನಿನವರ ಜೊತೆ ಮಾಡಿಕೊಂಡ ಜೆಡಿಎ (ಜಂಟಿ ಅಭಿವೃದ್ಧಿ ಒಪ್ಪಂದ), ಬೆಸ್ಕಾಂ ಮತ್ತು ಜಲಮಂಡಳಿಯ ಎನ್‌ಒಸಿ, ಅಗ್ನಿಶಾಮಕ ಇಲಾಖೆಯ ಪತ್ರ, ಕೊಳ್ಳುವವರಿಗೆ ಕೊಡಲಿರುವ ಒಪ್ಪಂದದ ಕರಡು, ಯೋಜನೆ ಮುಗಿಸುವ ದಿನಾಂಕ, ಅದೇ ಬಿಲ್ಡರ್ ಹಿಂದಿನ ಐದು ವರ್ಷದಲ್ಲಿ ಕೈಗೊಂಡ ಯೋಜನೆಗಳು, ಇರುವ ದಾವೆಗಳು. ಬ್ರೋಷರ್ ಹೇಳದ ಎಷ್ಟೋ ಸಂಗತಿ ಅಲ್ಲಿತ್ತು. ಮೂರ್ನಾಲ್ಕು ರಾತ್ರಿ ಊಟವಾದ ಮೇಲೆ ಕೂತು ಇದನ್ನೇ ಓದಿದೆವು.

ಮೊದಲು ಅಳತೆ. ಕಾಸ್ಟ್ ಶೀಟಿನಲ್ಲಿ 1,240 ಚದರ ಅಡಿ ಎಂದಿತ್ತು, ಅದು ಸೂಪರ್ ಬಿಲ್ಟ್ ಅಪ್. ಅಡಿಗೆ 6,900 ರೂಪಾಯಿಯಂತೆ 85 ಲಕ್ಷದ 56 ಸಾವಿರ. ರೇರಾ ಪುಟದಲ್ಲಿ ಅದೇ ಫ್ಲ್ಯಾಟಿನ ಕಾರ್ಪೆಟ್ ಏರಿಯಾ 842. ಕಾಯ್ದೆಯ ಪ್ರಕಾರ ಕಾರ್ಪೆಟ್ ಎಂದರೆ ಒಳಗೆ ನಿಜವಾಗಿ ಬಳಸಲು ಸಿಗುವ ನೆಲ: ಹೊರಗೋಡೆ, ಪೈಪ್ ಹಾಯುವ ಡಕ್ಟ್, ಬಾಲ್ಕನಿ ಸೇರುವುದಿಲ್ಲ; ಒಳಗಿನ ಅಡ್ಡಗೋಡೆ ಸೇರುತ್ತದೆ. ನಮ್ಮ ಮಾವನಿಗೆ ಮನೆಯ ಲೆಕ್ಕ ಇರುವುದು ಚದರದಲ್ಲಿ, ನೂರು ಚದರ ಅಡಿಗೆ ಒಂದು ಚದರ. ಊರಿನ ಮನೆಯನ್ನು ಅವರೇ ಮುಂದೆ ನಿಂತು ಕಟ್ಟಿಸಿದವರು.

“ಹನ್ನೆರಡು ಚದರಕ್ಕೆ ದುಡ್ಡು ಕೊಟ್ರೆ ಎಂಟು ಚದರ ಸಿಗೋದಾ? ಮಿಕ್ಕ ನಾಲ್ಕು ಎಲ್ಲಿ ಹೋಯ್ತಮ್ಮ?”

“ಲಿಫ್ಟು, ಮೆಟ್ಟಿಲು, ಓಡಾಡೋ ಜಾಗ, ಕ್ಲಬ್ ಹೌಸು ಎಲ್ಲಾದ್ರಲ್ಲೂ ನಮ್ಮ ಪಾಲು ಅಂತ ಸೇರಿಸ್ತಾರೆ ಮಾವ.”

“ಅದನ್ನ ಮೊದ್ಲೇ ಹಂಗಂತ ಹೇಳ್ಬೇಕು ತಾನೆ?”

ಹೇಳಬೇಕು. ಕಾಯ್ದೆಯ ಆಶಯವೇ ಅದು. ಕಾರ್ಪೆಟ್ ಅಳತೆಗೆ ಭಾಗಿಸಿದರೆ ಅಡಿಗೆ 10 ಸಾವಿರ ದಾಟುತ್ತದೆ. ಅದಾದ ಮೇಲೆ ಎಲ್ಲೇ ಹೋದರೂ ಕಾರ್ಪೆಟ್ ಎಷ್ಟು ಎಂದೇ ಕೇಳಿದೆವು. ಅಗ್ಗ ಎಂದುಕೊಂಡಿದ್ದ ಇನ್ನೊಂದು ಅಪಾರ್ಟ್‌ಮೆಂಟ್ ಈ ಲೆಕ್ಕದಲ್ಲಿ ಇದಕ್ಕಿಂತ ದುಬಾರಿಯಾಗಿತ್ತು.

ಮುಂದಿನ ಭಾನುವಾರ ಮಾವ ಜೇಬಿನಲ್ಲಿ ಅಳತೆ ಟೇಪು ಇಟ್ಟುಕೊಂಡೇ ಬಂದರು. ಮಾಡೆಲ್ ಫ್ಲ್ಯಾಟಿನ ಮಲಗುವ ಕೋಣೆಯಲ್ಲಿ ಮೊಣಕಾಲೂರಿ ಟೇಪನ್ನು ಮೂಲೆಯಿಂದ ಮೂಲೆಗೆ ಎಳೆದರು, ನಾನು ಇನ್ನೊಂದು ತುದಿ ಹಿಡಿದೆ. ಹನ್ನೊಂದು ಅಡಿಗೆ ಕೂದಲೆಳೆ ಕಮ್ಮಿ. ನಕ್ಷೆಯಲ್ಲಿ ಅದೇ ಕೋಣೆ ಹತ್ತೂವರೆ ಅಡಿ. ಅವರು ಎದ್ದು ಗೋಡೆಯನ್ನು ಬೆರಳಿನ ಗೆಣ್ಣಿನಿಂದ ಬಡಿದು ನೋಡಿದರು, ಟೊಳ್ಳು ಸದ್ದು ಬಂತು. ತೋರಿಸಲು ಮಾಡಿದ ಕೋಣೆಗೆ ಪ್ಲೈವುಡ್ ಗೋಡೆ ನಿಲ್ಲಿಸಿದ್ದರು, ಗಾರೆಯೂ ಇಲ್ಲ, ಗೋಡೆಯ ದಪ್ಪವೂ ಇಲ್ಲ. ಮಂಚ ಕೂಡ ಮಾಮೂಲಿಗಿಂತ ಗಿಡ್ಡವಾಗಿತ್ತು. ಮಾರಾಟದ ಹುಡುಗ ಏನೂ ಹೇಳಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಪ್ರಶ್ನೆಗೂ ಬ್ರೋಷರ್ ಬದಿಗಿಟ್ಟು ಲ್ಯಾಪ್‌ಟಾಪಿನಲ್ಲಿ ನಕ್ಷೆ ತೆಗೆದೇ ಉತ್ತರ ಕೊಟ್ಟ. ಅದಕ್ಕೆ ಅವನನ್ನು ಮೆಚ್ಚಬೇಕು.

ನಕ್ಷೆ ತೆಗೆದಾಗ ಹುಲ್ಲುಹಾಸಿನ ವಿಷಯ ಹೊರಬಿತ್ತು. ಮಂಜೂರಾದ ನಕ್ಷೆಯಲ್ಲಿ ಆ ಜಾಗ ಈ ಯೋಜನೆಯೊಳಗೇ ಇಲ್ಲ, ಎರಡನೇ ಹಂತದ ಕಟ್ಟಡಕ್ಕೆ ಬಿಟ್ಟದ್ದು. ಈಜುಕೊಳ ಇದೆ, ಆದರೆ ಚಿತ್ರದಲ್ಲಿ ಕಂಡ ಜಾಗದಲ್ಲಲ್ಲ. ಇನ್ನು ಮೂರು ವರ್ಷಕ್ಕೆ ನಮ್ಮ ಬಾಲ್ಕನಿ ಎದುರಿಗೆ ಹಸಿರಲ್ಲ, ಇನ್ನೊಂದು ಟವರ್ ಏಳುತ್ತದೆ. ಜಾಹೀರಾತು ಅಥವಾ ಬ್ರೋಷರಿನ ಸುಳ್ಳು ಮಾತು ನಂಬಿ ದುಡ್ಡು ಹಾಕಿ ನಷ್ಟವಾದರೆ 12ನೇ ಸೆಕ್ಷನ್ ಕೆಳಗೆ ಪರಿಹಾರ ಕೇಳಬಹುದು, ಯೋಜನೆಯಿಂದ ಹೊರಬರುವುದಾದರೆ ಕೊಟ್ಟ ದುಡ್ಡನ್ನು ಬಡ್ಡಿ ಸಮೇತ ವಾಪಸ್ ಪಡೆಯಬಹುದು. ಆ ಬ್ರೋಷರನ್ನು ನಾನು ಇವತ್ತಿಗೂ ಕಡತದಲ್ಲಿ ಇಟ್ಟುಕೊಂಡಿದ್ದೇನೆ. ಕಲ್ಪನೆ ಎಂದು ಚಿಕ್ಕ ಅಕ್ಷರದಲ್ಲಿ ಬರೆದುಬಿಟ್ಟರೆ ಹೊಣೆ ಕಳೆಯುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಫ್ಲ್ಯಾಟನ್ನು ಮಾತ್ರ ಇನ್ನೊಂದು ಬದಿಗೆ, ರಸ್ತೆ ಕಡೆಗೆ ಬದಲಾಯಿಸಿ ಕೇಳಿದೆವು.

ಕಡತದಲ್ಲಿದ್ದ ಒಪ್ಪಂದ, ಸರ್ಟಿಫಿಕೇಟುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಮಾವ ಹತ್ತಿರ ಕೂತು ನಾನು ಓದಿ ಹೇಳುವುದನ್ನು ಕೇಳುತ್ತಿದ್ದರು. ಒಂದು ಫೈಲ್ ತೆರೆದಾಗ ಮಾತ್ರ ಅವರು ಕನ್ನಡಕ ಸರಿಮಾಡಿಕೊಂಡು “ಇದನ್ನ ಕೊಡಮ್ಮ ಇತ್ಲಾಗೆ” ಎಂದರು. ಅದು ಜಮೀನಿನ ಹಳೇ ಪಹಣಿ, ಕನ್ನಡದ್ದು. ಒಟ್ಟು ವಿಸ್ತೀರ್ಣದ ಕೆಳಗೆ ನಾಲ್ಕು ಗುಂಟೆ ‘ಬಿ’ ಖರಾಬು ಎಂದು ಬರೆದಿತ್ತು. ನಾನು ಅದನ್ನು ಗಮನಿಸುವ ಪ್ರಶ್ನೆಯೇ ಇರಲಿಲ್ಲ, ಗಮನಿಸಿದರೂ ನನಗೆ ಅರ್ಥವಾಗುತ್ತಿರಲಿಲ್ಲ. “ಬಿ ಖರಾಬು ಅಂದ್ರೆ ದಾರಿ, ಹಳ್ಳ, ಸ್ಮಶಾನ ಇಂಥದ್ದಕ್ಕೆ ಬಿಟ್ಟಿರೋ ಸರ್ಕಾರದ ನೆಲ. ಅದನ್ನೂ ಸೇರಿಸ್ಕೊಂಡು ಕಟ್ತಾ ಇದಾರಾ ಕೇಳು,” ಎಂದರು. ಐವತ್ತು ವರ್ಷ ತೋಟ, ಹೊಲದ ಪಹಣಿ ನೋಡಿದ ಕಣ್ಣು ಅದು.

ಬಿಲ್ಡರ್‌ಗೆ ಇಮೇಲ್ ಬರೆದೆವು. ವಾರದೊಳಗೆ ಸರ್ವೆ ಸ್ಕೆಚ್ ಬಂತು. ಖರಾಬಿನ ನಾಲ್ಕು ಗುಂಟೆಯನ್ನು ಬಿಟ್ಟೇ ನಕ್ಷೆ ಮಂಜೂರಾಗಿತ್ತು, ಭೂಪರಿವರ್ತನೆ ಆದೇಶದ ವಿಸ್ತೀರ್ಣವೂ ಅದಕ್ಕೆ ತಾಳೆಯಾಗುತ್ತಿತ್ತು, ಆ ನೆಲದ ಮೇಲೆ ಹಳೇ ಬಂಡಿದಾರಿ ಹಾಗೆಯೇ ಇದೆ. ವಕೀಲರೂ ನೋಡಿ ಸರಿಯಿದೆ ಎಂದರು. ಮಾವನಿಗೆ ಸಮಾಧಾನವಾಯಿತು, ನಮಗೂ ಆಯಿತು. ಆದರೆ ಇದು ನನ್ನ ತಲೆಯಲ್ಲಿ ಉಳಿಯಿತು. ಕಾಯ್ದೆ ಇಷ್ಟೆಲ್ಲ ಮಾಹಿತಿಯನ್ನು ಹೊರಗಿಡಿಸಿದೆ, ಅದು ದೊಡ್ಡ ಕೆಲಸ. ಆದರೆ ದುಡ್ಡು ಹಾಕುವ ಹಿರಿಯರು ತಾವೇ ಓದಬಲ್ಲದ್ದು ಅಷ್ಟೂ ಕಡತದಲ್ಲಿ ಪಹಣಿಯೊಂದೇ ಆಗಿದ್ದರೆ ಹೇಗೆ? ಕಾರ್ಪೆಟ್ ಅಳತೆ, ಮುಗಿಸುವ ದಿನಾಂಕ, ನೀರಿನ ಮೂಲ, ಬಾಕಿ ಇರುವ ಅನುಮತಿ, ದಾವೆ, ಇಷ್ಟನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದು ಸೈಟ್ ಆಫೀಸಿನ ಗೋಡೆಗೆ ಹಾಕುವುದನ್ನು ಕಡ್ಡಾಯ ಮಾಡಬೇಕು. ಮಹಾರಾಷ್ಟ್ರದಲ್ಲಿ 2023ರಿಂದ ಜಾಹೀರಾತಿನ ಮೇಲೆ ಕ್ಯುಆರ್ ಕೋಡ್ ಹಾಕಲೇಬೇಕು, ಮೊಬೈಲ್ ಹಿಡಿದರೆ ನೇರ ಯೋಜನೆಯ ಪುಟಕ್ಕೇ ಹೋಗುತ್ತದೆ. ಆ ಪುಟ ಓದುವವರ ಭಾಷೆಯಲ್ಲೂ ಇದ್ದರೆ ಇನ್ನೇನು ಬೇಕು.

ಜೆಡಿಎ ಓದಿದಾಗ ಇನ್ನೊಂದು ತಿಳಿಯಿತು. ನಮಗೆ ಎರಡನೇ ಸಲ ತೋರಿಸಿದ ಫ್ಲ್ಯಾಟ್ ಜಮೀನಿನ ಮಾಲೀಕರ ಪಾಲಿನದು. ಬಿಲ್ಡರ್ ಪಾಲು, ಮಾಲೀಕರ ಪಾಲು “ಎರಡೂ ಒಂದೇ ಸರ್” ಎಂದು ಮಾರಾಟದವರು ಯಜಮಾನರಿಗೆ ಹೇಳಿದರು. ಒಂದೇ ಅಲ್ಲ; ಆಗ ಒಪ್ಪಂದಕ್ಕೆ ಮಾಲೀಕರ ಸಹಿ ಬೇಕು, ದುಡ್ಡು ಹೋಗುವ ದಾರಿಯೂ ಬೇರೆ. ಬಿಲ್ಡರ್ ಪಾಲಿನಲ್ಲೇ ಮೂರನೇ ಮಹಡಿಯದ್ದನ್ನು ಹಿಡಿದೆವು.

ಕಾರ್ ಪಾರ್ಕಿಂಗ್ ಎಂದು 3 ಲಕ್ಷ ಹಾಕಿದ್ದರು. ನಕ್ಷೆಯಲ್ಲಿ ನಮಗೆ ಗುರುತಿಸಿದ ಜಾಗ ಕಟ್ಟಡದ ಹಿಂದಿನ ಬಯಲು. ಮೇಲೆ ಸೂರಿಲ್ಲದ ಪಾರ್ಕಿಂಗ್ ಕಾಯ್ದೆಯ ಪ್ರಕಾರ ಎಲ್ಲರಿಗೂ ಸೇರಿದ್ದು, ಅದನ್ನು ಬೇರೆಯಾಗಿ ಮಾರುವಂತಿಲ್ಲ. ಸೆಕ್ಷನ್ ಹೆಸರು ಹೇಳಿ ಕೇಳಿದ್ದೇ ತಡ, ಕಟ್ಟಡದ ಅಡಿಯಲ್ಲಿ ಕಂಬಗಳ ನಡುವಿನ ಸ್ಟಿಲ್ಟ್‌ನಲ್ಲಿ ಜಾಗ ಬದಲಾಯಿಸಿ ಕೊಟ್ಟರು.

ದಿನಾಂಕದ ವಿಷಯಕ್ಕೆ ಬಂದಾಗ ಸ್ವಲ್ಪ ಜಗ್ಗಾಟವೇ ಆಯಿತು. ಬಾಯಿಮಾತಿನಲ್ಲಿ 2026ರ ದೀಪಾವಳಿಗೆ ಕೀಲಿಕೈ. ರೇರಾದಲ್ಲಿ ಬರೆದಿರುವುದು 2027ರ ಡಿಸೆಂಬರ್. “ಅದು ಸೇಫ್ಟಿಗೆ ಜಾಸ್ತಿ ಹಾಕಿರ್ತೀವಿ ಮೇಡಂ, ಅದಕ್ಕೆ ಮುಂಚೆನೇ ಕೊಡ್ತೀವಿ.” ಹಾಗಾದರೆ ದೀಪಾವಳಿಯನ್ನೇ ಒಪ್ಪಂದದಲ್ಲಿ ಬರೆಯಿರಿ ಎಂದರು ಯಜಮಾನರು. ಬರೆಯಲಿಲ್ಲ. ವರ್ಷದ ಮೇಲಿನ ಆ ವ್ಯತ್ಯಾಸದ ಬಾಡಿಗೆ, ಜೊತೆಗೆ ಸಾಲದ ಬಡ್ಡಿ, ಎರಡನ್ನೂ ನಮ್ಮ ಲೆಕ್ಕಕ್ಕೆ ಸೇರಿಸಿಕೊಂಡೇ ಮುಂದುವರಿದೆವು.

ಒಪ್ಪಂದಕ್ಕೆ ಮೊದಲು ಶೇ 20, ಅಂದರೆ 17 ಲಕ್ಷ ಕೇಳಿದರು. 13ನೇ ಸೆಕ್ಷನ್ ಪ್ರಕಾರ ಒಪ್ಪಂದ ಬರೆದು ನೋಂದಣಿ ಮಾಡಿಸದೆ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅದನ್ನು ಹೇಳಿದಾಗ “ಆಯ್ತು, ನಿಮಗೆ ಹಂಗೇ ಮಾಡ್ಕೊಡ್ತೀವಿ” ಎಂದರು. ನಮಗೆ ಮಾಡಿಕೊಟ್ಟ ಉಪಕಾರವಲ್ಲ ಅದು, ಪಕ್ಕದ ಮೇಜಿನಲ್ಲಿ ಕೂತಿದ್ದ ದಂಪತಿಗೂ ಅದೇ ಕಾನೂನು. ನಾನು ಅದನ್ನು ಸ್ವಲ್ಪ ಗಟ್ಟಿ ದನಿಯಲ್ಲೇ ಹೇಳಿದೆ. ಚೆಕ್ ಬರೆಯುವ ಮುನ್ನ ಖಾತೆ ಸಂಖ್ಯೆಯನ್ನು ರೇರಾ ಪುಟದಲ್ಲಿದ್ದ ಯೋಜನೆಯ ಖಾತೆಯೊಂದಿಗೆ ತಾಳೆ ನೋಡಿದೆವು, ಸರಿಯಿತ್ತು. ಕೊಳ್ಳುವವರಿಂದ ಬಂದ ದುಡ್ಡಿನ ಶೇ 70 ಬೇರೆ ಖಾತೆಯಲ್ಲಿದ್ದು ಆ ಕಟ್ಟಡಕ್ಕೇ ಖರ್ಚಾಗಬೇಕು. ಎಂಜಿನಿಯರ್, ಆರ್ಕಿಟೆಕ್ಟ್, ಲೆಕ್ಕಪರಿಶೋಧಕರು ಕೆಲಸ ಎಷ್ಟಾಗಿದೆ ಎಂದು ದೃಢೀಕರಿಸಿದ ಮೇಲೆಯೇ ತೆಗೆಯಬೇಕು. ಒಂದು ಕಟ್ಟಡದ ದುಡ್ಡನ್ನು ಇನ್ನೊಂದಕ್ಕೆ ಸುರಿದು ಜನ ವರ್ಷಗಟ್ಟಲೆ ಕಾದದ್ದನ್ನು ಈ ನಗರ ಕಂಡಿದೆ.

ಕೊನೆಗೆ ಒಪ್ಪಂದ. ಕೈಗೆ ಕೊಟ್ಟ ಪ್ರತಿ, ರೇರಾದಲ್ಲಿ ಹಾಕಿದ್ದ ಕರಡು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಓದಿದೆವು. ವಿಳಂಬದ ಕಲಮು ಬೇರೆಯಾಗಿತ್ತು. ಕರಡಿನಲ್ಲಿ ನಿಯಮದ ಬಡ್ಡಿ, ಅಂದರೆ ಎಸ್‌ಬಿಐನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಸಾಲದ ಬಡ್ಡಿಗೆ ಬ್ಯಾಂಕ್ ಇಟ್ಟುಕೊಳ್ಳುವ ಮೂಲ ದರ) ದರಕ್ಕೆ ಶೇ 2 ಸೇರಿಸಿ. ಕೈಗೆ ಕೊಟ್ಟದ್ದರಲ್ಲಿ ತಿಂಗಳಿಗೆ ಚದರ ಅಡಿಗೆ 5 ರೂಪಾಯಿ. ಲೆಕ್ಕ ಹಾಕಿ: 1,240 ಅಡಿಗೆ ತಿಂಗಳಿಗೆ 6,200. ನಾವು 40 ಲಕ್ಷ ಕಟ್ಟಿದ್ದು ಬಡ್ಡಿ ಶೇ 10.5 ಎಂದಿಟ್ಟುಕೊಂಡರೂ ತಿಂಗಳಿಗೆ 35 ಸಾವಿರ. ನಾವು ಕಂತು ತಡಮಾಡಿದರೆ ಮಾತ್ರ ಪೂರ್ತಿ ಬಡ್ಡಿ. ಕಾಯ್ದೆಯಲ್ಲಿ ಎರಡೂ ಕಡೆಗೆ ಒಂದೇ ದರ ಎಂದು ಸ್ಪಷ್ಟವಾಗಿದೆ. ಇಂಥ ಏಕಪಕ್ಷೀಯ ಕಲಮುಗಳಿಗೆ ಕೊಳ್ಳುವವರನ್ನು ಕಟ್ಟಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಹಾಗಿದ್ದೂ ಮೊದಲೇ ಸರಿಮಾಡಿಸಿಕೊಳ್ಳುವುದು ಮೇಲು, ಕೋರ್ಟು ಯಾರಿಗೆ ಬೇಕು ಎಂದು ವಕೀಲರು ನೀವೇ ಹಾಕಿರುವ ಕರಡಿನಂತೆ ತಿದ್ದಿ ಎಂದಷ್ಟೇ ಒಂದು ಪತ್ರ ಬರೆದರು. ಹತ್ತು ದಿನದಲ್ಲಿ ತಿದ್ದಿದ ಪ್ರತಿ ಬಂತು.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒಪ್ಪಂದ ನೋಂದಣಿಯಾಯಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮೊದಲೇ ಸಮಯ ತೆಗೆದುಕೊಂಡಿದ್ದರಿಂದ ಅಲ್ಲಿ ಹೆಚ್ಚು ಕಾಯಬೇಕಾಗಲಿಲ್ಲ.

ಬಿಲ್ಡರ್ ಮೂರು ತಿಂಗಳಿಗೊಮ್ಮೆ ರೇರಾ ಪುಟದಲ್ಲಿ ಎಷ್ಟು ಫ್ಲ್ಯಾಟ್ ಬುಕ್ ಆಗಿವೆ, ಕೆಲಸ ಎಲ್ಲಿಗೆ ಬಂದಿದೆ, ಯಾವ ಅನುಮತಿ ಬಂದಿದೆ, ಯಾವುದು ಬಾಕಿ ಎಂದು ಹಾಕಬೇಕು. ಅದನ್ನು ಈಗ ನಾನು ತಪ್ಪದೆ ನೋಡುತ್ತೇನೆ, ಫ್ಲ್ಯಾಟ್ ಕೊಂಡಿರುವ ಬೇರೆಯವರ ಗುಂಪಿಗೆ ಮುಖ್ಯಾಂಶವನ್ನು ಕನ್ನಡದಲ್ಲಿ ಬರೆದು ಹಾಕುತ್ತೇನೆ. ಕಳೆದ ಬಾರಿ ಒಳಚರಂಡಿ ನೀರು ಶುದ್ಧೀಕರಣ ಘಟಕದ ಅನುಮತಿ ಬಾಕಿ ಎಂದಿತ್ತು. 19ನೇ ಸೆಕ್ಷನ್ ಕೊಡುವ ಮಾಹಿತಿ ಹಕ್ಕನ್ನು ಉಲ್ಲೇಖಿಸಿ ನಾವು ಏಳು ಮನೆಯವರು ಸೇರಿ ಪತ್ರ ಬರೆದೆವು. ಅರ್ಜಿ ಹಾಕಿದ ದಿನಾಂಕ, ಅದರ ಪ್ರತಿ ಎರಡೂ ಬಂದಿವೆ. ಅನುಮತಿ ಬಂದ ಕೂಡಲೇ ಪುಟಕ್ಕೆ ಹಾಕುತ್ತೇವೆ ಎಂದು ಲಿಖಿತವಾಗಿ ತಿಳಿಸಿದ್ದಾರೆ. ಮುಂದಿನ ತ್ರೈಮಾಸಿಕ ವರದಿಯಲ್ಲಿ ಅದು ಬರಬೇಕು.